ಉತ್ತರ ತಪ್ಪೈತೆ

ಸವಳಂಗದ ಹೈಸ್ಕೂಲಿನ ಆ ಹುಡುಗಿ ನಿಜವಾಗಿ ಏನು ಹೇಳಿದಳು ಎಂಬುದು ನನಗೆ ಖಚಿತವಿಲ್ಲ. 'ಸಾರ್, ಉತ್ತರ ತಪ್ಪೈತೆ' ಎಂದಳು ಎಂದು ನನ್ನ ನೆನಪು. ಆದರೆ ಆ ಮಾತು ನನಗೆ ನೆನಪಾದದ್ದು ಅಲ್ಲಿ ಅಲ್ಲ. ಕೆಲವು ದಿನ ಕಳೆದು ಜಗಳೂರು ತಾಲ್ಲೂಕಿನ ಇನ್ನೊಂದು ತರಗತಿಯಲ್ಲಿ ಬೆವರುತ್ತ ಕೂತಿದ್ದಾಗ ಅದು ನೆನಪಾಯಿತು. ಬೇಕಾದ ಹೊತ್ತಿಗೆ ಬೇಕಾದ ರೂಪದಲ್ಲಿ ಬರುವ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಅಂಟಿಸಿಕೊಂಡ ಚಟ ಅದು. ಯಾರು ಏನೇ ಹೇಳಲಿ, 'ಅಳೆದು ನೋಡಿದ್ದೀಯಾ?' ಎಂದು ಕೇಳುತ್ತೇನೆ. ಇಲ್ಲಿ ಅಳೆಯಲು ಏನೂ ಉಳಿದಿಲ್ಲ ಎಂದೇ ಬಹಳ ದಿನ ಅಂದುಕೊಂಡಿದ್ದೆ.

ಆ ವಾರ ನನ್ನ ಕೆಲಸ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹೈಸ್ಕೂಲುಗಳಿಗೆ ಹೋಗಿ ವಿದ್ಯುತ್ತು ಮತ್ತು ಕಾಂತತ್ವದ ಪ್ರಯೋಗಗಳನ್ನು ತರಗತಿಯಲ್ಲೇ ಮಾಡಿ ತೋರಿಸುವುದು. ಸಾಮಾನೆಲ್ಲ ಒಂದು ಪ್ಲೈವುಡ್ ಪೆಟ್ಟಿಗೆಯಲ್ಲಿತ್ತು: ಮೆಕ್ಯಾನಿಕ್ ಒಬ್ಬರಿಂದ ತಂದ ಹಳೆಯ ಬೈಕ್ ಬ್ಯಾಟರಿ, ಹೆಡ್‌ಲೈಟ್ ಬಲ್ಬು, ಮರದ ಚೌಕಟ್ಟಿಗೆ ಬಿಗಿದ ದಪ್ಪ ತಾಮ್ರದ ತಂತಿ, ಉತ್ತರದ ತುದಿಗೆ ಕೆಂಪು ಬಳಿದ ಸೂಜಿಯ, ಅಂಗೈಯಗಲದ ಒಂದು ದಿಕ್ಸೂಚಿ, ಒಂದು ತಾಮ್ರದ ಕೊಳವೆ, ಅದರೊಳಗೆ ಬಿಡಲು ನಾಣ್ಯದಂಥ ನಾಲ್ಕಾರು ಆಯಸ್ಕಾಂತದ ಬಿಲ್ಲೆಗಳು. ಬಿಲ್ಲೆಗಳು ಚಿಕ್ಕವಾದರೂ ಶಕ್ತಿ ಬಹಳ. ಬಸ್ಸಿನ ಸೀಟಿನ ಕಬ್ಬಿಣಕ್ಕೆ ಅಂಟಿದರೆ ಉಗುರು ಕಿತ್ತು ಬರುತ್ತದೆ.

ಮೊದಲ ದಿನ ಚನ್ನಗಿರಿಯಲ್ಲಿ ನಾಲ್ಕೂ ತಾಲ್ಲೂಕಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ ಇತ್ತು. ಎಲ್ಲೋ ಎದ್ದ ಚಂಡಮಾರುತದ ಮೋಡ ಇಲ್ಲಿ ಕವಿದು ಜಿನುಗುತ್ತಿತ್ತು. ಪ್ಲಾಸ್ಟಿಕ್ ಪೈಪನ್ನು ಉಣ್ಣೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಒಂದು ಕಾಗದದ ಚೂರೂ ಮೇಲೇಳಲಿಲ್ಲ. ಗಾಳಿಯ ತೇವ ವಿದ್ಯುದಾವೇಶವನ್ನೆಲ್ಲ ಹೀರಿಬಿಡುತ್ತಿತ್ತು. ಬಟ್ಟೆ, ಪೈಪು ಎರಡನ್ನೂ ಹಿಡಿದು ಬಿಸಿಯೂಟದ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ.

'ಏನ್ ಸಾರ್, ಪಾಠ ಮಾಡಾಕೆ ಬಂದ್ರಾ, ಬಟ್ಟೆ ಒಣಗಿಸಾಕೆ ಬಂದ್ರಾ?' ಎಂದರು ಅಡುಗೆಯವರು.

ಅಲ್ಲಿಗೇ ಹುಡುಕಿಕೊಂಡು ಬಂದವರು ಜಗಳೂರು ಕಡೆಯ ಒಬ್ಬ ಅತಿಥಿ ಶಿಕ್ಷಕಿ. ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ ಮಾತಾಡಿದರು.

'ಸರ್, ಆ ತಂತಿ-ಸೂಜಿ ಪ್ರಯೋಗ ನಮ್ಮ ಶಾಲೆಗೆ ಬೇಕು. ಈ ವಾರದ ಕೊನೆಗೆ ವಿಷಯ ಪರಿವೀಕ್ಷಕರು ನನ್ನ ಪಾಠ ನೋಡಾಕೆ ಬರ್ತಾರೆ.'

'ಪ್ರತಿ ಶಾಲೆಗೂ ಬರ್ತಾರಲ್ಲ ಮೇಡಂ.'

'ನನ್ನ ಮೇಲೆ ದೂರು ಐತೆ ಸರ್. ನೋಟ್ಸ್ ಬರೆಸಲ್ಲ, ನಿಯಮ ಹೇಳಿಕೊಡಲ್ಲ, ಆಟ ಆಡಿಸ್ತಾಳೆ ಅಂತ. ಅವರು ನೋಡಿ ಬೇಡ ಅಂದ್ರೆ ಮುಂದಿನ ವರ್ಷ ನಾನಿರಲ್ಲ. ಅತಿಥಿ ಅಲ್ವಾ? ಎದ್ದು ಹೋಗು ಅಂದ್ರೆ ಹೋಗಬೇಕು.' ಕೊನೆಯ ಮಾತು ಹೇಳುವಾಗ ನಕ್ಕರು. ನಾನು ನಗಲಿಲ್ಲ.

ಅವರ ಪದ್ಧತಿ ನಾನು ಊರೂರಿಗೆ ಹೇಳಿಕೊಂಡು ಬರುವುದೇ ಆಗಿತ್ತು. ಮೊದಲು ನಿಯಮ ಬರೆಯಬೇಡಿ, ಸೂಜಿ ಎತ್ತ ತಿರುಗಿತು ಎಂದು ಮಕ್ಕಳು ನೋಡಲಿ, ನಿಯಮವನ್ನು ಅವರೇ ಕಟ್ಟಲಿ ಎಂಬುದು ನನ್ನ ಉಪದೇಶ. ಹೇಳುವುದು ಸುಲಭ, ನನ್ನ ಕೆಲಸಕ್ಕೆ ಯಾರೂ ಬಂದು ಪರೀಕ್ಷೆ ಇಡುವುದಿಲ್ಲ. ಬರುತ್ತೇನೆ ಎಂದೆ.

ಹೊನ್ನಾಳಿಯಲ್ಲಿ ತಾಮ್ರದ ಕೊಳವೆಯದೇ ದರ್ಬಾರು. ಬಿಲ್ಲೆಯನ್ನು ಮೇಲಿನಿಂದ ಬಿಟ್ಟರೆ ಅದು ಧೊಪ್ಪೆಂದು ಬೀಳದೆ ಯಾರೋ ಒಳಗೆ ಹಿಡಿದು ಇಳಿಸುತ್ತಿರುವಂತೆ ತಡವಾಗಿ ಹೊರಬರುತ್ತದೆ. ತಾಮ್ರ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೂ ತಡೆಯುತ್ತದೆ. ಇಡೀ ಶಾಲೆ ಮುತ್ತಿತು. ಆ ಗದ್ದಲದಲ್ಲಿ ಬ್ಯಾಟರಿಯ ಒಂದು ಕ್ಲಿಪ್ ಕಿತ್ತುಹೋಯಿತು. ಬಸ್ ನಿಲ್ದಾಣದ ಹತ್ತಿರ ಬೈಕ್ ರಿಪೇರಿಯವರ ಬಳಿ ಎರಡೂ ತಂತಿ ಬದಲಾಯಿಸಿದೆ. ಅವರ ಹತ್ತಿರ ಇದ್ದದ್ದು ಕಪ್ಪು ತಂತಿ ಮಾತ್ರ. ಬ್ಯಾಟರಿಯ ಮೇಲಿನ ಗುರುತುಗಳು ಎಂದೋ ಸವೆದಿದ್ದವು. ಯಾವುದು ಧನ ಎಂದು ನೆನಪಿನಿಂದಲೇ ಗುರುತಿಸಿ ಅದರ ಕ್ಲಿಪ್ಪಿಗೆ ಕೆಂಪು ದಾರ ಸುತ್ತಿದೆ. ಪೆಟ್ಟಿಗೆ ತುಂಬಿದವರು ಯಾರು? ನಾನೇ ಎಂದು ಅನಿಸುತ್ತದೆ. ಇಬ್ಬರು ಶಿಕ್ಷಕರು ಕೈ ಹಾಕಿದ್ದರು ಎಂದೂ ಅನಿಸುತ್ತದೆ. ಬಿಲ್ಲೆಗಳು ಕರವಸ್ತ್ರದಲ್ಲಿ ಸುತ್ತಿದ್ದವು. ದಿಕ್ಸೂಚಿ ಅದರ ಪಕ್ಕದ ಸಂದಿಯಲ್ಲಿ ನಿಂತಿತ್ತೋ, ಬೇರೆ ಕಡೆ ಇತ್ತೋ, ಹೇಳಲಾರೆ.

ಮರುದಿನ ನ್ಯಾಮತಿ ತಾಲ್ಲೂಕಿನ ಸವಳಂಗ. ಅಲ್ಲಿ ಒಂಬತ್ತನೆಯ ತರಗತಿ, ಆದ್ದರಿಂದ ತಂತಿಯಲ್ಲಿ ಕರೆಂಟ್ ಹರಿದರೆ ಸೂಜಿ ತಿರುಗುತ್ತದೆ ಎಂಬಷ್ಟನ್ನೇ ತೋರಿಸಿದೆ. ಯಾವ ಕಡೆಗೆ ತಿರುಗುತ್ತದೆ ಎಂಬ ವಿಚಾರ ಅವರಿಗೆ ಮುಂದಿನ ವರ್ಷದ್ದು. ಯಾವ ಕೊಠಡಿಗೆ ಹೋದರೂ ಸೂಜಿಯ ಕೆಂಪು ತುದಿ ತೋರಿಸುವ ಗೋಡೆಗೆ ಚಾಕ್‌ಪೀಸಿನಿಂದ ದೊಡ್ಡದಾಗಿ 'ಉ' ಎಂದು ಬರೆಯುವುದು ನನ್ನ ರೂಢಿ. ಅಲ್ಲೂ ಬರೆದೆ. ಆಮೇಲೆ ಕಪ್ಪುಹಲಗೆಯ ಮೇಲೆ ಬಲ್ಬಿನ ರೋಧದ ಒಂದು ಲೆಕ್ಕ ಮಾಡಿದೆ. ಆಗಲೇ ಆ ಹುಡುಗಿ ಎದ್ದು ನಿಂತದ್ದು.

'ಸಾರ್, ಉತ್ತರ ತಪ್ಪೈತೆ.'

ಲೆಕ್ಕ ಮೇಲಿನಿಂದ ನೋಡಿದೆ. ಸರಿಯಾಗಿತ್ತು. 'ಇಲ್ಲಮ್ಮ, ಸರಿ ಇದೆ, ನೀನೇ ಇನ್ನೊಂದ್ಸಲ ಮಾಡಿ ನೋಡು' ಎಂದೆ. ಅವಳು ಕೂತಳು. ಪಕ್ಕದವಳು ಕಿಸಕ್ಕೆಂದಳು. ಬಸ್ಸಿನ ಹೊತ್ತಾಗಿತ್ತು.

ಇಷ್ಟು ನನ್ನ ನೆನಪು.

ಜಗಳೂರಿನ ಕಡೆ ಮೋಡದ ಸುಳಿವಿರಲಿಲ್ಲ. ಚಳಿಗಾಲದ ಒಣ ಗಾಳಿ, ಬಿಳಿ ಬಿಸಿಲು. ಪಾಠ ಊಟದ ಬಿಡುವಿಗೆ ಮೊದಲಿನ ಅವಧಿಗೆ. ನಾನು ಚೌಕಟ್ಟು ಜೋಡಿಸಿ, ಸೂಜಿಯ ಗೆರೆಗೆ ತಂತಿಯನ್ನು ಹೊಂದಿಸಿ, ಗೋಡೆಗೆ 'ಉ' ಬರೆಯಲು ಹೋದೆ. ಮೇಡಂ ತಡೆದರು. 'ಬೇಡ ಸರ್. ದಿಕ್ಕನ್ನೂ ಮಕ್ಕಳೇ ಹೇಳ್ಲಿ.'

ಪರಿವೀಕ್ಷಕರು ಮುಖ್ಯ ಶಿಕ್ಷಕರ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವರ ಪಕ್ಕದಲ್ಲಿ ನಾನು. ಪರಿವೀಕ್ಷಕರು ಕಡಿಮೆ ಮಾತಿನ ಮನುಷ್ಯ. ಮುಖ್ಯ ಶಿಕ್ಷಕರು ಮಾತ್ರ ನನ್ನ ಕಿವಿಯಲ್ಲಿ, 'ಪೋರ್ಷನ್ ಮುಗಿದಿಲ್ಲ ನೋಡ್ರಿ, ಇನ್ನೂ ಸೂಜಿ ತಿರುಗಿಸ್ತಾ ಕೂತಾರೆ' ಎಂದರು.

ಮೇಡಂ ಮೊದಲು ಬಲಗೈ ಹಿಡಿಯುವುದನ್ನು ಹೇಳಿದರು. ತಂತಿಯನ್ನು ಬಲಗೈಯಲ್ಲಿ ಹಿಡಿದಂತೆ ಊಹಿಸಿ, ಹೆಬ್ಬೆರಳು ಕರೆಂಟ್ ಹೋಗುವ ಕಡೆ ಇರಲಿ, ಉಳಿದ ಬೆರಳು ಸುತ್ತುವ ಕಡೆ ಸೂಜಿಯ ಉತ್ತರ ತುದಿ ತಿರುಗುತ್ತದೋ ಇಲ್ಲವೋ ನೋಡೋಣ. 'ಇದು ಪುಸ್ತಕ ಹೇಳೋದು. ನಿಜಾನೋ ಸುಳ್ಳೋ ನೀವೇ ಹೇಳಬೇಕು.' ಕರೆಂಟನ್ನು ಕೆಂಪು ತುದಿಯ ಕಡೆಗೆ ಹರಿಯುವಂತೆ ಕೊಟ್ಟಿದ್ದರು. ಸೂಜಿ ಇರುವುದು ತಂತಿಯ ಕೆಳಗೆ. ಎಲ್ಲ ಮಕ್ಕಳ ಬಲಗೈಗಳೂ ಗಾಳಿಯಲ್ಲಿ ಕಾಣದ ತಂತಿಯನ್ನು ಹಿಡಿದವು. ಕೆಳಗೆ ಬಂದ ಬೆರಳುಗಳು ಎಡಕ್ಕೆ ತೋರಿಸಿದವು. 'ಎಡಕ್ಕೆ ಮಿಸ್!'

ಮೇಡಂ ಸ್ವಿಚ್ಚಿನ ಗುಂಡಿ ಒತ್ತಿದರು. ಬಲ್ಬು ಬೆಳಗಿತು. ಕೆಂಪು ತುದಿ ಬಲಕ್ಕೆ ತಿರುಗಿತು.

ಮೇಡಂ ಗುಂಡಿ ಬಿಟ್ಟು ಮತ್ತೆ ಒತ್ತಿದರು. ಮತ್ತೆ ಬಲಕ್ಕೆ.

ಮುಂದಿನ ಬೆಂಚಿನ ಹುಡುಗ ಎರಡೂ ಕೈ ನೋಡಿಕೊಂಡು ಹೇಳಿದ: 'ಮಿಸ್, ಎಡಗೈಲಿ ಹಿಡಿದ್ರೆ ಸರಿ ಬರ್ತೈತೆ.'

'ಎಡಗೈಲಿ ಏನೂ ಹಿಡಿಬಾರ್ದಲೇ, ನಮ್ಮಜ್ಜಿ ಬೈತಾಳೆ,' ಎಂದ ಇನ್ನೊಬ್ಬ. ನಗು ಎದ್ದಿತು. ನಮ್ಮ ಬೆಂಚಿನಲ್ಲಿ ಮಾತ್ರ ಯಾರೂ ನಗಲಿಲ್ಲ.

ಪರಿವೀಕ್ಷಕರು ಮೊದಲ ಸಲ ಬಾಯಿ ಬಿಟ್ಟರು. 'ಬ್ಯಾಟರಿ ಉಲ್ಟಾ ಕೊಟ್ಟಿರಬೇಕು ಮೇಡಂ. ಕ್ಲಿಪ್ ಬದಲಾಯಿಸ್ರಿ, ಮುಗೀತು.'

ದಯೆಯಿಂದಲೇ ಹೇಳಿದ ಮಾತು. ಕ್ಲಿಪ್ ಅದಲುಬದಲು ಮಾಡಿದರೆ ಸೂಜಿ ಎಡಕ್ಕೆ ತಿರುಗುತ್ತದೆ, ಪುಸ್ತಕ ಸರಿಯಾಗುತ್ತದೆ, ಮೇಡಂ ಉಳಿಯುತ್ತಾರೆ. ಅದು ನಿಜವೂ ಆಗಿರಬಹುದಿತ್ತು. ಕೆಂಪು ದಾರ ಸುತ್ತಿದ್ದು ನಾನು, ಬಸ್ಸಿಗೆ ಅವಸರವಾಗಿದ್ದಾಗ, ನೆನಪಿನಿಂದ. ಆದರೆ ನಿಜವಲ್ಲದಿದ್ದರೆ? ಆಗ ನಾವು ಮಕ್ಕಳಿಗೆ ಕಲಿಸಿದಂತಾಗುವುದು ಒಂದೇ: ಕಣ್ಣಿಗೆ ಕಂಡದ್ದು ಪುಸ್ತಕಕ್ಕೆ ಹೊಂದದಿದ್ದರೆ, ಹೊಂದುವವರೆಗೆ ತಂತಿ ತಿರುಗಿಸು.

ಮೇಡಂ ಕ್ಲಿಪ್ಪುಗಳನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು. 'ತಿರುಗಿಸ್ಲಾ ಸರ್?' ಎಂದರು. ನಾನು 'ಬೇಡ' ಎಂದೆ. ಹೀಗೆ ನನ್ನ ನೆನಪು. ಆಮೇಲೊಮ್ಮೆ ಫೋನಿನಲ್ಲಿ ಈ ಮಾತು ಬಂದಾಗ ಅವರು, 'ನಾನು ನಿಮ್ಮನ್ನ ಕೇಳ್ಲೇ ಇಲ್ಲ ಸರ್. ನೀವು ತಲೆ ತಗ್ಗಿಸಿ ಕೂತಿದ್ರಿ' ಎಂದರು. ಇಬ್ಬರಲ್ಲಿ ಒಬ್ಬರದು ತಪ್ಪು. ಬೇರೊಬ್ಬರ ಕೆಲಸವನ್ನು ಪಣಕ್ಕಿಟ್ಟು ಧೈರ್ಯ ತೋರಿಸಿದ ನೆನಪು ನನಗೆ ಹಿತವಾಗಿದೆ. ಹಿತವಾಗಿರುವುದರಿಂದಲೇ ಅವರ ಮಾತೇ ನಿಜವಿರಬೇಕು ಎನ್ನುತ್ತೇನೆ.

ಏನೇ ಇರಲಿ, ಕ್ಲಿಪ್ಪುಗಳನ್ನು ಅವರು ಮೇಜಿನ ಮೇಲೆ ಇಟ್ಟುಬಿಟ್ಟರು. ಕಪ್ಪುಹಲಗೆಯ ಮೇಲೆ ಮೂರು ಪದ ಬರೆದರು: ಕೈ, ಬ್ಯಾಟರಿ, ಸೂಜಿ.

'ಈ ಮೂರರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಾ ಇದ್ದಾರೆ. ಯಾರು ಅಂತ ಹಿಡಿಯೋಣ. ಬ್ಯಾಟರಿಯ ಯಾವ ತುದಿ ಮೈನಸ್ ಅಂತ ಗೊತ್ತು ಮಾಡೋದು ಹೆಂಗೆ?'

'ಅಡುಗೆಮನೆಯಿಂದ ಅರಿಶಿಣ ತರ್ಲಾ ಮಿಸ್?' ಎಂದಳು ಒಬ್ಬಳು. ಹಿಂದಿನ ಪಾಠದಲ್ಲಿ ಮಾಡಿದ್ದರಂತೆ. ಉಪ್ಪುನೀರಿನಲ್ಲಿ ಅರಿಶಿಣ ಕದಡಿ ಬಿಳಿ ಕಾಗದಕ್ಕೆ ಬಳಿದರು. ಎರಡೂ ತಂತಿಯ ತುದಿಗಳನ್ನು ಒಂದು ಬೆರಳಗಲ ಬಿಟ್ಟು ಒದ್ದೆ ಕಾಗದಕ್ಕೆ ಒತ್ತಿದರು. ಋಣ ತುದಿಯಲ್ಲಿ ಕ್ಷಾರ ಉಂಟಾಗುತ್ತದೆ. ಅರಿಶಿಣಕ್ಕೆ ಸುಣ್ಣ ಬೆರೆಸಿದರೆ ಆಗುವಂತೆ ಅಲ್ಲಿ ಕಾಗದ ಕೆಂಪಾಗಬೇಕು. ಮುಖ್ಯ ಶಿಕ್ಷಕರು ಗಡಿಯಾರ ನೋಡಿದರು. ನಾನು ಕಾಗದ ನೋಡಿದೆ. ಹಳದಿಯ ನಡುವೆ ಒಂದು ಚುಕ್ಕೆ ಮಾತ್ರ ಕೆಂಪಗೆ ಹರಡಿತು, ಹಣೆಗೆ ಇಟ್ಟ ಕುಂಕುಮದಂತೆ.

ದಾರವಿಲ್ಲದ ತುದಿ. ಬ್ಯಾಟರಿ ಸರಿಯಾಗಿತ್ತು.

ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸುಲಭದ ಬಾಗಿಲು ಮುಚ್ಚಿಹೋಗಿತ್ತು. ಮೇಡಂ ಹಲಗೆಯ ಮೇಲೆ 'ಬ್ಯಾಟರಿ' ಹೊಡೆದುಹಾಕಿದರು. ಅಷ್ಟರಲ್ಲಿ ಪರಿವೀಕ್ಷಕರು ಎದ್ದು ಮೇಜಿನ ಬಳಿ ಹೋಗಿ ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು:

'ಎಲ್ಲಾ ಸರಿ, ಈಗ ಉತ್ತರ ಏನು ಹೇಳಮ್ಮ. ಎಡಕ್ಕೋ ಬಲಕ್ಕೋ?'

ಅವಳು ಅವರನ್ನೂ ಸೂಜಿಯನ್ನೂ ನೋಡಿದಳು. 'ಯಾವ ಉತ್ತರ ಸಾರ್?'

'ಯಾವ ಉತ್ತರ ಅಂದ್ರೆ? ಪ್ರಶ್ನೆ ಉತ್ತರ!'

'ನಾನು ದಿಕ್ಕು ಕೇಳಿದ್ರೇನೋ ಅಂದ್ಕೊಂಡೆ ಸಾರ್. ಯಾಕಂದ್ರೆ ಆ ಉತ್ತರ ಅಲ್ಲಿಲ್ಲ.'

ಈ ಹೊತ್ತಿಗೇ ನನಗೆ ಸವಳಂಗ ನೆನಪಾದದ್ದು. ಒಂದೇ ಪದ. ಅಲ್ಲಿ ನಾನು ಲೆಕ್ಕ ನೋಡಿದೆ, ಗೋಡೆ ನೋಡಲಿಲ್ಲ.

'ಅಲ್ಲಿಲ್ಲ ಅಂದ್ರೆ ಎಲ್ಲೈತೆ?' ಎಂದರು ಮೇಡಂ.

'ಮಿಸ್, ಮಸೀದೀಲಿ ನಮಾಜ್ ಮಾಡೋದು ಪಶ್ಚಿಮಕ್ಕೆ. ನಮ್ಮ ಮಸೀದಿ ಗೋಡೆ ಆ ಕಡೆಗೈತೆ.' ಅವಳು ಆ ಕಡೆ ತಿರುಗಿ ನಿಂತು ಬಲಗೈ ಚಾಚಿದಳು. 'ಹಂಗಾದ್ರೆ ಉತ್ತರ ಇಲ್ಲಿ.' ಅವಳ ಬೆರಳು ತೋರಿಸಿದ್ದು ಬಾಗಿಲನ್ನು. ಸೂಜಿಯ ಕೆಂಪು ತುದಿ ತೋರಿಸುತ್ತಿದ್ದದ್ದು ಅದರ ಎದುರಿನ ಗೋಡೆಯನ್ನು.

'ಹೌದು ಮಿಸ್,' ಎಂದ ಎಡಗೈಯ ಹುಡುಗ. 'ಬಾಗ್ಲ ಕಡೆನೇ ಉತ್ತರ. ಮನೇಲಿ ಆ ಕಡೆ ತಲೆ ಹಾಕಿ ಮಲಗಾಕೆ ಬಿಡಲ್ಲ.'

ಪರಿವೀಕ್ಷಕರು ಜೇಬಿನಿಂದ ಫೋನ್ ತೆಗೆದು ದಿಕ್ಸೂಚಿ ತೆರೆದರು. ಅವರು ನಿಂತ ಮಗ್ಗುಲಲ್ಲೇ ಬಿಲ್ಲೆಗಳ ಪೆಟ್ಟಿಗೆ. ಫೋನಿಗೆ ತಲೆ ತಿರುಗಿ, ತನ್ನನ್ನು ಎಂಟರ ಆಕಾರದಲ್ಲಿ ಆಡಿಸಿ ಎಂದು ಕೇಳಿತು. ಅಷ್ಟು ಗಂಭೀರ ಮನುಷ್ಯ ತರಗತಿಯ ನಡುವೆ ಆರತಿ ಎತ್ತಿದಂತೆ ಫೋನನ್ನು ತಿರುಗಿಸುತ್ತ ನಿಂತರು. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಫೋನ್ ಒಮ್ಮೆ ಬಾಗಿಲು ಎಂದಿತು, ಒಮ್ಮೆ ಕಿಟಕಿ ಎಂದಿತು. ಅವರು ಅದನ್ನು ಜೇಬಿಗೆ ಹಾಕಿದರು.

ಗಂಟೆ ಹೊಡೆಯಿತು. ಊಟದ ಬಿಡುವು. ಮುಖ್ಯ ಶಿಕ್ಷಕರು, 'ಆಯ್ತಲ್ಲ, ನಡೀರಿ ಸಾರ್' ಎಂದು ಎದ್ದರು. ಪಾಠ ಅಲ್ಲಿಗೆ ನಿಂತಿದ್ದರೆ ಪರಿವೀಕ್ಷಕರ ಮನಸ್ಸಿನಲ್ಲಿ ಉಳಿಯುತ್ತಿದ್ದದ್ದು ತಪ್ಪಾದ ಪ್ರಯೋಗ, ಮುಗಿಯದ ಪೋರ್ಷನ್, ಗದ್ದಲ. ಮೇಡಂ ಅವರ ದಾರಿಗೆ ಅಡ್ಡ ನಿಂತರು.

'ಸಾರ್, ಇನ್ನೊಂದು ಸ್ವಲ್ಪ ಹೊತ್ತು. ಧ್ವಜದ ಕಟ್ಟೆ ತನಕ ಬರ್ರಿ.'

'ಮಕ್ಕಳಿಗೆ ಹಸಿವಾಗಲ್ವೇನಮ್ಮ?'

'ಆಗೈತೆ ಸಾರ್, ಆದ್ರೂ ಬರ್ತೀವಿ,' ಎಂದಿತು ಹಿಂದಿನ ಸಾಲು.

ಮೇಡಂ ದಿಕ್ಸೂಚಿಯನ್ನು ಮಾತ್ರ ಅಂಗೈಯಲ್ಲಿಟ್ಟುಕೊಂಡು ನಡೆದರು. ಪೆಟ್ಟಿಗೆ ಒಳಗೇ ಉಳಿಯಿತು. ಧ್ವಜದ ಕಂಬ ಬಿದಿರಿನದು, ಅದೊಂದು ಅದೃಷ್ಟ. ಚಳಿಗಾಲದ ನಡುಹಗಲು ಸೂರ್ಯ ನಮ್ಮ ತೆಂಕಣಕ್ಕೆ ವಾಲಿರುತ್ತಾನೆ, ಆದ್ದರಿಂದ ಕಂಬದ ನೆರಳು ಬೀಳುವುದು ಉತ್ತರಕ್ಕೆ. ಇದನ್ನು ಅವರು ಹೇಳಲಿಲ್ಲ, ಮಕ್ಕಳಿಂದಲೇ ಹೇಳಿಸಿದರು. ನೆರಳಿನ ಗೆರೆಯ ಮೇಲೆ ದಿಕ್ಸೂಚಿ ಇಟ್ಟರು. ಎಲ್ಲರ ತಲೆಗಳೂ ಅದರ ಮೇಲೆ ಬಾಗಿದವು. ಸೂಜಿ ಓಲಾಡುತ್ತಿತ್ತು. ಅದು ಹೇಗೆ ನಿಂತರೂ ನಾನು ಅದನ್ನು ನಂಬಲು ಸಿದ್ಧನಿದ್ದೇನೆಯೇ ಎಂದು ಕೇಳಿಕೊಂಡೆ. ಸಿದ್ಧನಿರಲಿಲ್ಲ. ಅದು ನೆರಳಿನ ಕಡೆ ತೋರಿಸಿದರೆ ಉಳಿಯುವುದು 'ಕೈ' ಮಾತ್ರ. ಅಂದರೆ ನಾನು ಇಷ್ಟು ಕಾಲ ಓದಿದ್ದು.

ಸೂಜಿ ನಿಂತಿತು. ಕೆಂಪು ತುದಿ ನೆರಳಿಗೆ ಬೆನ್ನು ಹಾಕಿ ಕಂಬದ ಬುಡವನ್ನು ತೋರಿಸುತ್ತಿತ್ತು.

'ಸೂಜೀನೇ ಕಳ್ಳ!' ಎಂದು ಯಾರೋ ಕೂಗಿದರು. ಆ ಮೇಲಿನ ಗಲಾಟೆಯಲ್ಲಿ ಯಾರು ಏನು ಹೇಳಿದರು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ಮಾತ್ರ ಸ್ಪಷ್ಟ. ಎಡಗೈಯ ಹುಡುಗ ಮತ್ತೆ ಒಳಗೆ ಓಡಿ, ಬಣ್ಣವಿಲ್ಲದ ತುದಿಯನ್ನೇ ಉತ್ತರ ಎಂದು ಹಿಡಿದು, ಕರೆಂಟನ್ನು ಅದರ ಕಡೆಗೆ ಹರಿಸಿ ಗುಂಡಿ ಒತ್ತಬೇಕೆಂದು ಹಟ ಹಿಡಿದ. ಹಾಗೆ ಮಾಡಿದರು. ಬಣ್ಣವಿಲ್ಲದ ತುದಿ ಎಡಕ್ಕೆ ತಿರುಗಿತು. ಅಷ್ಟೂ ಬಲಗೈಗಳು ಒಟ್ಟಿಗೆ ಮೇಲೆದ್ದವು.

ಪರಿವೀಕ್ಷಕರು ಹೊರಡುವಾಗ ಮೇಡಂಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

'ಪಾಠ ಮುಗೀಲಿಲ್ಲ ಮೇಡಂ.'

'ಇಲ್ಲ ಸಾರ್.'

'ನೋಟ್ಸೂ ಬರೆಸಲಿಲ್ಲ.'

'ಇಲ್ಲ ಸಾರ್.'

ಅವರು ಚಪ್ಪಲಿಗೆ ಹತ್ತಿದ ಮಣ್ಣು ಕೊಡವಿಕೊಂಡರು. 'ನಾಳೆ ಬರೆಸ್ರಿ. ಮುಂದಿನ ವರ್ಷ ಇದೇ ಪಾಠಕ್ಕೆ ಬರ್ತೀನಿ. ಆಗ ನೀವೇ ಮಾಡ್ರಿ.' ಆಮೇಲೆ ಮುಖ್ಯ ಶಿಕ್ಷಕರ ಕಡೆ ತಿರುಗಿ, 'ಕೇಳ್ತಲ್ಲ?' ಎಂದರು.

ಮೇಡಂ ಅರಿಶಿಣದ ಕಾಗದವನ್ನು ಬಿಸಿಲಿಗೆ ಹಿಡಿದು ಒಣಗಿಸುತ್ತಿದ್ದರು. ಅವರು ಈಗಲೂ ಅಲ್ಲೇ ಇದ್ದಾರೆ, ಅತಿಥಿಯಾಗಿಯೇ.

ಮನೆಗೆ ಬಂದು ಇನ್ನೊಂದು ದಿಕ್ಸೂಚಿ ತಂದು ಪರೀಕ್ಷಿಸಿದೆ. ಅಂಗಾತ ಇಟ್ಟು ಬಿಲ್ಲೆಯನ್ನು ಹತ್ತಿರ ತಂದರೆ ಸೂಜಿ ಸುಮ್ಮನೆ ತಿರುಗಿ ಶರಣಾಗುತ್ತದೆ. ಬಿಲ್ಲೆ ತೆಗೆದರೆ ಮತ್ತೆ ಉತ್ತರಕ್ಕೆ ಮರಳುತ್ತದೆ. ಆದರೆ ಪೆಟ್ಟಿಗೆಯ ಸಂದಿಯಲ್ಲಿ ನಿಲ್ಲಿಸುವಂತೆ ನೆಟ್ಟಗೆ ನಿಲ್ಲಿಸಿದರೆ ಸೂಜಿ ಗಾಜಿಗೆ ಒರಗಿ ಸಿಕ್ಕಿಕೊಳ್ಳುತ್ತದೆ. ತಿರುಗಲು ಆಗದ ಆ ಸೂಜಿಗೆ ಬಿಲ್ಲೆ ತಾಗಿಸಿದರೆ ಅದರ ಧ್ರುವಗಳೇ ಅದಲುಬದಲಾಗುತ್ತವೆ. ಹೀಗೂ ಆಗಬಹುದು ಎಂಬುದಷ್ಟೇ ಇದರಿಂದ ಗೊತ್ತಾಗುತ್ತದೆ. ಹೊನ್ನಾಳಿಯಲ್ಲಿ ಹೀಗೇ ಆಯಿತು ಎಂದಲ್ಲ. ಜಗಳೂರಿನ ದಾರಿಯಲ್ಲೂ ಆಗಿರಬಹುದು. ಹಾಗಾಗಿದ್ದರೆ ಸವಳಂಗದಲ್ಲಿ ಸೂಜಿ ಸರಿಯಾಗಿಯೇ ಇತ್ತು, ಆ ಹುಡುಗಿಯ ಮಾತು ನಾನೇ ಕಟ್ಟಿಕೊಂಡದ್ದು.

ಮುಂದೆ ಒಮ್ಮೆ ನ್ಯಾಮತಿ ಕಡೆ ಕೆಲಸ ಬಿದ್ದಾಗ ಸವಳಂಗದಲ್ಲಿ ಇಳಿದೆ. ಆ ಹುಡುಗಿ ಈಗ ಹತ್ತನೆಯ ತರಗತಿ. ಅಂದು ಏನಂದೆ ಎಂದು ಕೇಳಿದೆ.

'ನಾನಾ ಸಾರ್? ನೆನಪಿಲ್ಲ.'

'ಅವಳು ಯಾವಾಗ್ಲೂ ಏನಾರ ಒಂದು ಅಂತಿರ್ತಾಳೆ ಸಾರ್,' ಎಂದಳು ಪಕ್ಕದವಳು, ಅದೇ ಕಿಸಕ್ಕು.

ಹಳೆಯ ಕೊಠಡಿಗೆ ಹೋದೆ. ಗೋಡೆಗೆ ಸುಣ್ಣ ಹೊಡೆದಿರಲಿಲ್ಲ. ನನ್ನ 'ಉ' ಅಲ್ಲೇ ಇತ್ತು. ಯಾರೋ ಅದರ ಮುಂದೆ 'ಪ್ಪು' ಎಂದು ಸೇರಿಸಿ ಉಪ್ಪು ಮಾಡಿದ್ದರು. ಬೆಳಿಗ್ಗೆಯಷ್ಟೇ ಸೂರ್ಯೋದಯಕ್ಕೆ ಹಿಡಿದು ಸರಿ ನೋಡಿದ್ದ ಹೊಸ ದಿಕ್ಸೂಚಿಯನ್ನು ಜೇಬಿನಿಂದ ತೆಗೆದು, ಕಬ್ಬಿಣದಿಂದ ದೂರ, ಕೊಠಡಿಯ ನಡುವೆ ನೆಲದ ಮೇಲಿಟ್ಟೆ. ಸೂಜಿ ನಿಲ್ಲುವವರೆಗೆ ಕಾದೆ.

ಆ ಗೋಡೆ ಇರುವುದು ದಕ್ಷಿಣಕ್ಕೆ.